ನಗರಸಭೆ ಅಧ್ಯಕ್ಷರ ಒಂದು ವಾರ: ಓದುಗರ ಪ್ರಶ್ನೆಗಳಿಗೆ ಉತ್ತರ

ನಗರಾಡಳಿತದ ಬಗ್ಗೆ ಪ್ರಶ್ನೆಗಳನ್ನು ಕಳುಹಿಸಬೇಕೆಂದು ಕಳೆದ ಸಂಚಿಕೆಯಲ್ಲಿ ಓದುಗರನ್ನು ಕೋರಿದ್ದೆವು. ಬಂದ ಪತ್ರಗಳಲ್ಲಿ ಬಹುಪಾಲು ನಗರಸಭೆಯ ಅಧ್ಯಕ್ಷರನ್ನು ಕುರಿತವು: ಅವರು ದಿನವಿಡೀ ಏನು ಮಾಡುತ್ತಾರೆ, ಅವರ ಮಾತು ಎಲ್ಲಿಯವರೆಗೆ ನಡೆಯುತ್ತದೆ, ನಾವು ಅವರನ್ನು ಏನು ಕೇಳಬಹುದು. ಆದ್ದರಿಂದ ಈ ಬಾರಿಯ ಅಂಕಣವನ್ನು ಇದೊಂದೇ ವಿಷಯಕ್ಕೆ ಮೀಸಲಿಟ್ಟಿದ್ದೇವೆ. ಸಾಮಾನ್ಯವಾಗಿ 50 ಸಾವಿರಕ್ಕಿಂತ ಹೆಚ್ಚು, 3 ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ಊರುಗಳಲ್ಲಿ ನಗರಸಭೆ ಇರುತ್ತದೆ. ಗದಗ-ಬೆಟಗೇರಿ, ಉಡುಪಿ, ಮಂಡ್ಯ, ಚಿತ್ರದುರ್ಗ ಇದಕ್ಕೆ ಉದಾಹರಣೆಗಳು. ಇವುಗಳಿಗೆ ಅನ್ವಯಿಸುವುದು 1964ರ ಕರ್ನಾಟಕ ಪುರಸಭೆಗಳ ಕಾಯ್ದೆ. ಮಹಾನಗರ ಪಾಲಿಕೆಗಳಿಗೆ 1976ರ ಪ್ರತ್ಯೇಕ ಕಾಯ್ದೆ ಇದೆ; ಅಲ್ಲಿನ ಮೇಯರ್‌ಗಳ ವಿಚಾರವನ್ನು ಇನ್ನೊಮ್ಮೆ ನೋಡೋಣ.

ಪ್ರಶ್ನೆ: ನಮ್ಮ ಊರಿನ ನಗರಸಭೆ ಅಧ್ಯಕ್ಷರನ್ನು ಕಾಣಲು ಹೋದಾಗಲೆಲ್ಲ ‘ಸಭೆಯಲ್ಲಿದ್ದಾರೆ’, ‘ಸ್ಥಳ ಪರಿಶೀಲನೆಗೆ ಹೋಗಿದ್ದಾರೆ’ ಎಂಬ ಉತ್ತರವೇ ಸಿಗುತ್ತದೆ. ನಿಜವಾಗಿಯೂ ಅವರಿಗೆ ಅಷ್ಟು ಕೆಲಸವಿರುತ್ತದೆಯೇ? ಅವರ ಒಂದು ವಾರ ಹೇಗಿರುತ್ತದೆ?
— ನಿವೃತ್ತ ಶಿಕ್ಷಕರೊಬ್ಬರು

ಉತ್ತರ: ಕೆಲಸವಂತೂ ಇರುತ್ತದೆ. ಆದರೆ ಅದರಲ್ಲಿ ಕಾನೂನಿನ ಪ್ರಕಾರ ಅಧ್ಯಕ್ಷರಿಗೆ ಸೇರಿದ್ದು ಯಾವುದು, ಬೇರೆಯವರಿಗೆ ಸೇರಿದ್ದರೂ ಅವರ ಮನೆಬಾಗಿಲಿಗೆ ಬಂದು ನಿಲ್ಲುವುದು ಯಾವುದು ಎಂದು ಬಿಡಿಸಿ ನೋಡದಿದ್ದರೆ ಅವರ ವಾರ ಅರ್ಥವಾಗುವುದಿಲ್ಲ. ಸಾಮಾನ್ಯ ಸಭೆ ನಡೆಯುವ ವಾರವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ, ಏಕೆಂದರೆ ತಿಂಗಳಲ್ಲಿ ಅದಕ್ಕಿಂತ ಬಿಡುವಿಲ್ಲದ ವಾರ ಇನ್ನೊಂದಿಲ್ಲ.

ದಿನ ಆರಂಭವಾಗುವುದು ಕಚೇರಿಯಲ್ಲಲ್ಲ, ಬೀದಿಯಲ್ಲಿ. ಪೌರಕಾರ್ಮಿಕರು ಬೆಳಗಿನ ಜಾವವೇ ವಾರ್ಡುಗಳಲ್ಲಿ ಹಾಜರಾತಿ ಕೊಟ್ಟು ಕೆಲಸಕ್ಕೆ ಇಳಿಯುತ್ತಾರೆ, ಆಟೊ ಟಿಪ್ಪರ್‌ಗಳು ಮನೆಮನೆಯ ಕಸಕ್ಕೆ ಹೊರಡುತ್ತವೆ. 700 ಜನರಿಗೆ ಒಬ್ಬ ಪೌರಕಾರ್ಮಿಕರು ಎಂಬುದು ರಾಜ್ಯದಲ್ಲಿ ಪಾಲಿಸಬೇಕಾದ ಮಾನದಂಡ. ಹಸಿ ಕಸ, ಒಣ ಕಸಗಳನ್ನು ಮನೆಯಲ್ಲೇ ಬೇರ್ಪಡಿಸಿ ಕೊಡಬೇಕೆಂದು ಘನತ್ಯಾಜ್ಯ ನಿರ್ವಹಣಾ ನಿಯಮಗಳು ವಿಧಿಸಿವೆ. ಈ ಎರಡೂ ಕಾಗದದ ಮೇಲೆ ಎಷ್ಟಿವೆ, ಬೀದಿಯಲ್ಲಿ ಎಷ್ಟಿವೆ ಎಂಬುದನ್ನು ಬೆಳಗಿನ ಒಂದು ಗಂಟೆ ವಾರ್ಡಿನಲ್ಲಿ ನಡೆದು ನೋಡಿದ ಅಧ್ಯಕ್ಷರಿಗೆ ಯಾವ ಅಧಿಕಾರಿಯೂ ವಿವರಿಸಬೇಕಾಗುವುದಿಲ್ಲ. ಅಧ್ಯಕ್ಷರ ಕೆಲಸಗಳಲ್ಲಿ ನಾನು ಅತ್ಯಂತ ಬೆಲೆ ಕೊಡುವುದು ಈ ನಡಿಗೆಗೆ. ಛಾಯಾಚಿತ್ರಕ್ಕಾಗಿ ಪೊರಕೆ ಹಿಡಿಯುವುದನ್ನು ಇದರ ಜೊತೆ ಸೇರಿಸಬಾರದು.

ಅದು ಮುಗಿಯುವ ಹೊತ್ತಿಗೆ ನೀರಿನ ಕರೆಗಳು ಶುರುವಾಗುತ್ತವೆ. ನಮ್ಮ ಅನೇಕ ನಗರಗಳ ಕುಡಿಯುವ ನೀರು ಊರಿನಿಂದ ಬಹು ದೂರದ ಮೂಲಗಳಿಂದ ಬರುತ್ತದೆ. ಗದಗ-ಬೆಟಗೇರಿಗೆ ಹಮ್ಮಿಗಿಯ ಬಳಿ ತುಂಗಭದ್ರೆಯಿಂದ, ಚಿತ್ರದುರ್ಗಕ್ಕೆ ಶಾಂತಿಸಾಗರ ಮತ್ತು ವಾಣಿವಿಲಾಸ ಸಾಗರಗಳಿಂದ, ಉಡುಪಿಗೆ ಸ್ವರ್ಣಾ ನದಿಯ ಬಜೆ ಅಣೆಕಟ್ಟೆಯಿಂದ ನೀರು ಬರುತ್ತದೆ. ಇಷ್ಟು ದೂರದ ಕೊಳವೆ ಮಾರ್ಗದಲ್ಲಿ ಎಲ್ಲೋ ಒಂದೆಡೆ ಪೈಪು ಒಡೆದರೆ, ಪಂಪ್‌ಹೌಸಿನಲ್ಲಿ ವಿದ್ಯುತ್ ಕೈಕೊಟ್ಟರೆ, ವಾಲ್ವ್‌ಮನ್ ಒಂದು ಬೀದಿಗೆ ನೀರು ಬಿಡುವುದು ತಡವಾದರೆ, ಮೊದಲ ಕರೆ ಬರುವುದು ವಾರ್ಡಿನ ಸದಸ್ಯರಿಗೆ, ಎರಡನೆಯದು ಅಧ್ಯಕ್ಷರಿಗೆ. ಬೇಸಿಗೆಯಲ್ಲಿ ಯಾವ ವಾರ್ಡಿಗೆ ಮೊದಲು ಟ್ಯಾಂಕರ್ ಹೋಗಬೇಕು ಎಂಬ ತೀರ್ಮಾನವೊಂದೇ ಇಡೀ ಮುಂಜಾನೆಯನ್ನು ನುಂಗಿಬಿಡುವುದುಂಟು.

ಕಚೇರಿಗೆ ಬಂದ ಮೇಲೆ ಜನರ ಅರ್ಜಿಗಳು. ಇಲ್ಲಿಯೇ ನೀವು ಕೇಳಿದ ಪ್ರಶ್ನೆಯ ತಿರುಳಿದೆ. ಹೆದ್ದಾರಿಯ ಗುಂಡಿ, ವಿದ್ಯುತ್ ಕಂಬ, ಪಡಿತರ ಚೀಟಿ, ಮಗನಿಗೊಂದು ಹೊರಗುತ್ತಿಗೆ ಕೆಲಸ, ನಿವೇಶನ ಹೀಗೆ ಬರುವ ಬೇಡಿಕೆಗಳಲ್ಲಿ ಹಲವು ನಗರಸಭೆಗೆ ಸೇರಿದವೇ ಅಲ್ಲ. ನಿವೇಶನ, ಮನೆಗಳ ಫಲಾನುಭವಿಗಳನ್ನು ಆರಿಸುವ ಆಶ್ರಯ ಸಮಿತಿಗೆ ಶಾಸಕರು ಅಧ್ಯಕ್ಷರು. ಬಡಾವಣೆಗಳ ನಕ್ಷೆಗೆ ಮಂಜೂರಾತಿ ಕೊಡುವುದು ನಗರಾಭಿವೃದ್ಧಿ ಪ್ರಾಧಿಕಾರ ಅಥವಾ ಯೋಜನಾ ಪ್ರಾಧಿಕಾರ. ಸಂವಿಧಾನದ 74ನೇ ತಿದ್ದುಪಡಿ 1993ರ ಜೂನ್ 1ರಂದು ಜಾರಿಗೆ ಬಂದಾಗ 12ನೇ ಅನುಸೂಚಿಯಲ್ಲಿ 18 ವಿಷಯಗಳನ್ನು ನಗರ ಸಂಸ್ಥೆಗಳಿಗಾಗಿ ಪಟ್ಟಿ ಮಾಡಲಾಯಿತು. ಅವುಗಳಲ್ಲಿ ನಗರ ಯೋಜನೆಯೂ ಇದೆ, ಅಗ್ನಿಶಾಮಕ ಸೇವೆಯೂ ಇದೆ. ಇಂದಿಗೂ ನಮ್ಮಲ್ಲಿ ಅಗ್ನಿಶಾಮಕ ಠಾಣೆ ರಾಜ್ಯ ಇಲಾಖೆಯ ಕೈಯಲ್ಲಿದೆ. ಜನ ಮಾತ್ರ ಎಲ್ಲಕ್ಕೂ ತಾವು ಬಲ್ಲ ಒಬ್ಬರ ಬಳಿಗೇ ಬರುತ್ತಾರೆ, ಅದರಲ್ಲಿ ತಪ್ಪೇನೂ ಇಲ್ಲ. ಇದು ನಮ್ಮ ಕೆಲಸವಲ್ಲ ಎಂದು ಹೇಳಿ ಕಳುಹಿಸುವ ಬದಲು, ಅರ್ಜಿಯ ಮೇಲೆ ಸಂಬಂಧಪಟ್ಟ ಇಲಾಖೆಗೆ ಒಂದು ಪತ್ರ ಬರೆಸಿಕೊಡುವ ಅಧ್ಯಕ್ಷರು ಜನರ ಅರ್ಧ ಭಾರವನ್ನು ಇಳಿಸುತ್ತಾರೆ.

ವಾರದ ನಡುವೆ ಜಿಲ್ಲಾಧಿಕಾರಿ ಕಚೇರಿಯ ಪ್ರಗತಿ ಪರಿಶೀಲನೆ, ಶಾಸಕರ ಸಭೆ, ಸ್ಥಾಯಿ ಸಮಿತಿ, ಗುದ್ದಲಿಪೂಜೆ, ಶಾಲೆಯ ಕಾರ್ಯಕ್ರಮ, ಮದುವೆ, ಸಾವಿನ ಮನೆ ಇವೆಲ್ಲ ಇರುತ್ತವೆ. ಇವುಗಳನ್ನು ವಿವರಿಸುವುದು ಬೇಡ.

ವಿವರಿಸಬೇಕಾದದ್ದು ಸಾಮಾನ್ಯ ಸಭೆಯನ್ನು. ಸಭೆಯನ್ನು ಕರೆಯುವುದು, ಅದರ ಅಧ್ಯಕ್ಷತೆ ವಹಿಸುವುದು, ಮತಗಳು ಸಮವಾದಾಗ ನಿರ್ಣಾಯಕ ಮತ ಚಲಾಯಿಸುವುದು ಕಾನೂನು ಅಧ್ಯಕ್ಷರಿಗೇ ಕೊಟ್ಟಿರುವ ಅಧಿಕಾರ. ಸಾಮಾನ್ಯ ಸಭೆಗೆ ಏಳು ಪೂರ್ಣ ದಿನಗಳ ಮುಂಚೆ, ವಿಶೇಷ ಸಭೆಗೆ ಮೂರು ಪೂರ್ಣ ದಿನಗಳ ಮುಂಚೆ ತಿಳಿವಳಿಕೆ ಪತ್ರ ಹೋಗಬೇಕು, ಅದರೊಂದಿಗೆ ಕಾರ್ಯಸೂಚಿಯೂ ಇರಬೇಕು. ಅಂದರೆ ಸಭೆಯ ವಾರದ ನಿಜವಾದ ಕೆಲಸ ಹಿಂದಿನ ವಾರದಲ್ಲೇ ಆರಂಭವಾಗಿರುತ್ತದೆ: ಪೌರಾಯುಕ್ತರು (ನಗರಸಭೆಯ ಆಡಳಿತ ನಡೆಸುವ ಸರ್ಕಾರಿ ಅಧಿಕಾರಿ) ಮತ್ತು ಶಾಖೆಗಳ ಅಧಿಕಾರಿಗಳೊಂದಿಗೆ ಕುಳಿತು ಯಾವ ವಿಷಯ ಸಭೆಗೆ ಬರಬೇಕು, ಯಾವ ಕಡತ ಇನ್ನೂ ಸಿದ್ಧವಾಗಿಲ್ಲ, ಯಾವ ಟೆಂಡರಿನ ದರ ಅನುಮೋದನೆಗೆ ಕಾದಿದೆ ಎಂದು ಒಂದೊಂದಾಗಿ ನೋಡಬೇಕು. ಈ ಕೂಟದಲ್ಲಿ ಕಡತವನ್ನು ತಾವೇ ಓದುವ ಅಧ್ಯಕ್ಷರಿಗೂ, ಅಧಿಕಾರಿ ಹೇಳಿದ್ದಕ್ಕೆ ತಲೆಯಾಡಿಸುವ ಅಧ್ಯಕ್ಷರಿಗೂ ಇರುವ ವ್ಯತ್ಯಾಸ ಮುಂದಿನ ಐದಾರು ತಿಂಗಳು ಊರಿನ ಬೀದಿಗಳಲ್ಲಿ ಕಾಣುತ್ತದೆ.

ಸಭೆಯ ದಿನ ಮೊದಲು ಹಿಂದಿನ ಸಭೆಯ ನಡವಳಿಯನ್ನು ಓದಿ ದೃಢೀಕರಿಸುತ್ತಾರೆ, ನಂತರ ಜಮಾ-ಖರ್ಚು, ಕಾಮಗಾರಿಗಳು, ಟೆಂಡರುಗಳು, ಅಂಗಡಿ ಮಳಿಗೆಗಳ ಹರಾಜು. ಚುನಾಯಿತ ಸದಸ್ಯರ ಜೊತೆಗೆ ಶಾಸಕರು, ಸಂಸದರೂ ಸಭೆಯ ಸದಸ್ಯರೇ. ನಾಮನಿರ್ದೇಶಿತ ಸದಸ್ಯರು ಮಾತನಾಡಬಹುದು, ಅವರಿಗೆ ಮತವಿಲ್ಲ. ಕಾರ್ಯಸೂಚಿಯ ಕೊನೆಯಲ್ಲಿ ‘ಅಧ್ಯಕ್ಷರ ಅಪ್ಪಣೆ ಮೇರೆಗೆ ಬರುವ ಇತರೆ ವಿಷಯಗಳು’ ಎಂಬ ಒಂದು ಸಾಲಿರುತ್ತದೆ. ತುರ್ತು ಸಂಗತಿಗಳಿಗಾಗಿ ಇರುವ ಆ ಸಾಲಿನಲ್ಲಿ, ಸದಸ್ಯರು ಹಸಿವಾಗಿ ಎದ್ದು ಹೊರಡುವ ಹೊತ್ತಿಗೆ, ಲಕ್ಷಾಂತರ ರೂಪಾಯಿಗಳ ವಿಷಯಗಳು ಚರ್ಚೆಯಿಲ್ಲದೆ ಒಪ್ಪಿಗೆ ಪಡೆಯುವ ಅಪಾಯವಿದೆ. ನಿಮ್ಮ ಅಧ್ಯಕ್ಷರು ಹೇಗೆ ಕೆಲಸ ಮಾಡುತ್ತಿದ್ದಾರೆ ಎಂದು ತಿಳಿಯಬೇಕಿದ್ದರೆ ಆ ಸಾಲಿನ ಕೆಳಗೆ ಪ್ರತಿ ತಿಂಗಳು ಎಷ್ಟು ವಿಷಯಗಳು ಬರುತ್ತಿವೆ ಎಂಬುದನ್ನು ಗಮನಿಸಿ. ಅವರನ್ನು ಕಚೇರಿಯಲ್ಲಿ ಕಾಣಲಾಗಲಿಲ್ಲ ಎಂಬುದಕ್ಕಿಂತ ಇದು ಹೆಚ್ಚು ಮುಖ್ಯವಾದ ಸಂಗತಿ.

ಪ್ರಶ್ನೆ: ನಮ್ಮ ನಗರಸಭೆಗೆ ಮಹಿಳಾ ಅಧ್ಯಕ್ಷರಿದ್ದಾರೆ. ಆದರೆ ಜನರ ಅಹವಾಲು ಕೇಳುವುದು, ಗುತ್ತಿಗೆದಾರರೊಡನೆ ಮಾತನಾಡುವುದು ಎಲ್ಲವೂ ಅವರ ಪತಿಯೇ. ಇದು ಸರಿಯೇ? ಅವರಿಗೆ ನಿಜಕ್ಕೂ ಅನುಭವವಿಲ್ಲದಿದ್ದರೆ ಬೇರೆ ದಾರಿ ಏನು?
— ಗೃಹಿಣಿಯೊಬ್ಬರು

ಉತ್ತರ: ಸರಿಯಲ್ಲ, ಇದರಲ್ಲಿ ಎರಡು ಮಾತಿಲ್ಲ. ಸಂವಿಧಾನದ 243ಟಿ ವಿಧಿ ನಗರ ಸಂಸ್ಥೆಗಳಲ್ಲಿ ಮಹಿಳೆಯರಿಗೆ ಮೂರನೇ ಒಂದಕ್ಕಿಂತ ಕಡಿಮೆಯಿಲ್ಲದಷ್ಟು ಸ್ಥಾನಗಳನ್ನು ಕೊಟ್ಟಿತು, ಕರ್ನಾಟಕ ಅದನ್ನು ಶೇ 50ಕ್ಕೆ ಏರಿಸಿತು. ಆ ಹಕ್ಕು ಆಕೆಯದು. ಅದನ್ನು ಪತಿಗಾಗಲಿ, ಮಗನಿಗಾಗಲಿ, ಮೈದುನನಿಗಾಗಲಿ ವಹಿಸಿಕೊಡಲು ಕಾನೂನಿನಲ್ಲಿ ಅವಕಾಶವೇ ಇಲ್ಲ. ಸಭೆಯಲ್ಲಿ ಸದಸ್ಯರು ಮತ್ತು ಅಧಿಕಾರಿಗಳು ಮಾತ್ರ ಭಾಗವಹಿಸಬಹುದು. ಸಾರ್ವಜನಿಕರ ಸ್ಥಳದಲ್ಲಿ ಕುಳಿತು ನೋಡಲು ಪತಿಗೂ ಅಡ್ಡಿಯಿಲ್ಲ, ನಿಮಗೂ ಅಡ್ಡಿಯಿಲ್ಲ.

ಅನುಭವದ ಪ್ರಶ್ನೆಗೆ ಬರುತ್ತೇನೆ. ಮೊದಲ ಸಲ ಆ ಕುರ್ಚಿಯಲ್ಲಿ ಕೂರುವ ಗಂಡಸಿಗೂ ಅನುಭವ ಇರುವುದಿಲ್ಲ. ಆತನ ಬಗ್ಗೆ ಮಾತ್ರ ನಾವು ಈ ಪ್ರಶ್ನೆಯನ್ನು ಕೇಳುವುದಿಲ್ಲ. ಕಾಯ್ದೆ, ಬಜೆಟ್, ನಡವಳಿ ಇವೆಲ್ಲ ಓದಿ ಕಲಿಯಬಹುದಾದ ಸಂಗತಿಗಳು. ಆದರೆ ಕಲಿಯಲು ಸಮಯ ಬೇಕು, ಸಮಯವೇ ಇಲ್ಲಿ ಕಡಿಮೆ. ಅಧ್ಯಕ್ಷರ ಅವಧಿ 30 ತಿಂಗಳು. ಅದೂ ನೆಟ್ಟಗೆ ಸಿಗುವುದಿಲ್ಲ: 2018ರಲ್ಲಿ ಆಯ್ಕೆಯಾದ ಸದಸ್ಯರು ಅಧ್ಯಕ್ಷ ಸ್ಥಾನದ ಮೀಸಲಾತಿ ಪಟ್ಟಿಯ ವ್ಯಾಜ್ಯಗಳಿಂದಾಗಿ 2020ರ ಕೊನೆಯವರೆಗೆ ಅಧ್ಯಕ್ಷರಿಲ್ಲದೆ ಕಾಯಬೇಕಾಯಿತು. ಮೊದಲ ಅವಧಿ 2023ರಲ್ಲಿ ಮುಗಿದ ಮೇಲೆ ಮುಂದಿನ ಮೀಸಲಾತಿ ಪ್ರಕಟವಾಗಲು 2024ರ ಆಗಸ್ಟ್ ಬರಬೇಕಾಯಿತು. ನಡುವಿನ ಕಾಲದಲ್ಲಿ ಆಡಳಿತಾಧಿಕಾರಿಗಳದ್ದೇ ಕಾರುಬಾರು. ಜನರಿಂದ ಗೆದ್ದುಬಂದವರು ವರ್ಷಗಟ್ಟಲೆ ಕೈಕಟ್ಟಿ ಕುಳಿತುಕೊಳ್ಳುವಂತಾದದ್ದು ನಮ್ಮ ನಗರಾಡಳಿತದ ದೊಡ್ಡ ಅನ್ಯಾಯ ಎಂದೇ ನಾನು ಭಾವಿಸುತ್ತೇನೆ, ಮತ್ತು ಅದರ ಪೆಟ್ಟು ಹೆಚ್ಚು ಬಿದ್ದದ್ದು ಮೀಸಲಾತಿಯಿಂದ ಮೊದಲ ಬಾರಿಗೆ ಅವಕಾಶ ಪಡೆದ ಮಹಿಳೆಯರಿಗೆ ಮತ್ತು ಹಿಂದುಳಿದವರಿಗೆ.

ನೀವು ಮಾಡಬಹುದಾದದ್ದು ಒಂದಿದೆ. ಅರ್ಜಿಯನ್ನು ಅಧ್ಯಕ್ಷರ ಹೆಸರಿಗೇ ಬರೆಯಿರಿ, ಅವರ ಕೈಗೇ ಕೊಡಿ, ಉತ್ತರವನ್ನು ಅವರಿಂದಲೇ ಕೇಳಿ. ‘ಅಣ್ಣನವರಿಗೆ ಹೇಳಿ’ ಎಂದು ಯಾರಾದರೂ ಹೇಳಿದರೆ, ‘ಅಮ್ಮನವರನ್ನೇ ಕಾಣುತ್ತೇವೆ’ ಎಂದು ಕಾದು ಕುಳಿತುಕೊಳ್ಳಿ. ಊರಿನ ಹೆಂಗಸರು ಹೀಗೆ ಕಾಯತೊಡಗಿದರೆ ಆ ಕೋಣೆಯಲ್ಲಿ ಬೇರೆಯವರಿಗೆ ಜಾಗ ಉಳಿಯುವುದಿಲ್ಲ.

ಪ್ರಶ್ನೆ: ಅಧ್ಯಕ್ಷರು ಮನಸ್ಸು ಮಾಡಿದರೆ ನಾಳೆಯೇ ನಮ್ಮ ಬೀದಿಯ ಗುಂಡಿ ಮುಚ್ಚಿಸಬಹುದಲ್ಲವೇ?
— ಆಟೊ ಚಾಲಕರೊಬ್ಬರು

ಉತ್ತರ: ಬಹಳಷ್ಟು ಸಂದರ್ಭಗಳಲ್ಲಿ ಆಗದು. ಕಾರ್ಯನಿರ್ವಹಣೆಯ ಅಧಿಕಾರ ಪೌರಾಯುಕ್ತರದು. ಬಿಲ್ಲಿಗೆ, ಕಾರ್ಯಾದೇಶಕ್ಕೆ ಸಹಿ ಹಾಕುವವರು ಅವರು. ಕಾಮಗಾರಿಯ ಖರೀದಿ, ಟೆಂಡರಿನ ಕ್ರಮವನ್ನು ವಿಧಿಸುವ 1999ರ ಪಾರದರ್ಶಕತೆ ಕಾಯ್ದೆಯ ಪ್ರಕಾರವೇ ನಡೆಯಬೇಕು. ಸಾರ್ವಜನಿಕರ ಸುರಕ್ಷತೆಗೆ ಅಪಾಯವಾಗುವಂಥ ತುರ್ತು ಸಂದರ್ಭದಲ್ಲಿ ಮಾತ್ರ ಅಧ್ಯಕ್ಷರು ಕೂಡಲೇ ಕೆಲಸ ಮಾಡಿಸಲು ನಿರ್ದೇಶಿಸಿ, ಮುಂದಿನ ಸಭೆಗೆ ವರದಿ ಮಾಡಬಹುದು. ಬಾಯ್ತೆರೆದ ಒಳಚರಂಡಿ (ಯುಜಿಡಿ) ಗುಂಡಿ, ಕುಸಿದ ಚರಂಡಿ ಸೇತುವೆ ಇಂಥವು ಆ ಸಾಲಿಗೆ ಸೇರುತ್ತವೆ. ಹಾಗೆಯೇ ನಗರಸಭೆಯ ನಿರ್ಣಯ ಕಾನೂನಿಗೆ ವಿರುದ್ಧವೆಂದು ಕಂಡರೆ ಅದನ್ನು ತಡೆಹಿಡಿಯುವ ಅಧಿಕಾರ ಜಿಲ್ಲಾಧಿಕಾರಿಗಿದೆ.

ಪ್ರಶ್ನೆ: ಯಾವ ಅಧ್ಯಕ್ಷರನ್ನು ಕೇಳಿದರೂ ‘ಹಣವಿಲ್ಲ’ ಎನ್ನುತ್ತಾರೆ. ನಾವು ಕಟ್ಟುವ ಕಂದಾಯ ಎಲ್ಲಿಗೆ ಹೋಗುತ್ತದೆ?
— ಕಿರಾಣಿ ವ್ಯಾಪಾರಿಯೊಬ್ಬರು

ಉತ್ತರ: ಹಣವಿಲ್ಲ ಎನ್ನುವುದಕ್ಕಿಂತ, ಮನಬಂದಂತೆ ಖರ್ಚು ಮಾಡಬಹುದಾದ ಹಣ ಕಡಿಮೆ ಎನ್ನುವುದು ಸರಿ. ರಾಜ್ಯದಿಂದ ಬರುವ ರಾಜ್ಯ ಹಣಕಾಸು ಆಯೋಗದ (ಎಸ್‌ಎಫ್‌ಸಿ) ಅನುದಾನ ವೇತನ, ವಿದ್ಯುತ್, ಮುಕ್ತನಿಧಿ (ಇಂಥದ್ದಕ್ಕೇ ಎಂದು ಕಟ್ಟಿಹಾಕದ ಹಣ) ಎಂದು ಬೇರೆ ಬೇರೆ ಶೀರ್ಷಿಕೆಗಳಲ್ಲಿ ಬರುತ್ತದೆ. ವೇತನದ ಹಣದಿಂದ ಚರಂಡಿ ಕಟ್ಟುವಂತಿಲ್ಲ. 15ನೇ ಹಣಕಾಸು ಆಯೋಗ 2021–26ರ ಅವಧಿಗೆ ಹತ್ತು ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ನಗರಗಳಿಗೆ ಕೊಟ್ಟ ಅನುದಾನದಲ್ಲಿ ಶೇ 60ರಷ್ಟನ್ನು ಕುಡಿಯುವ ನೀರು, ನೈರ್ಮಲ್ಯ, ಘನತ್ಯಾಜ್ಯಗಳಿಗೇ ಕಟ್ಟಿಹಾಕಿತು. ಇದು ಒಳ್ಳೆಯದೇ, ಆದರೆ ಸಭೆಯ ಆಯ್ಕೆಗೆ ಉಳಿಯುವ ಪಾಲು ಕಿರಿದಾಗುತ್ತದೆ.

ಹೀಗಾಗಿ ಸ್ವಂತ ಸಂಪನ್ಮೂಲದ ಬೆಲೆ ದೊಡ್ಡದು: ಆಸ್ತಿ ತೆರಿಗೆ, ನೀರಿನ ಕರ, ಉದ್ದಿಮೆ ಪರವಾನಗಿ, ಮಳಿಗೆಗಳ ಬಾಡಿಗೆ, ಸಂತೆಯ ನೆಲಬಾಡಿಗೆ. ಏಪ್ರಿಲ್‌ನಲ್ಲಿ ಇಡೀ ವರ್ಷದ ತೆರಿಗೆ ಕಟ್ಟುವವರಿಗೆ ಶೇ 5ರಷ್ಟು ರಿಯಾಯಿತಿ ಇದೆ. ವ್ಯಾಪಾರಿಗಳಾದ ನಿಮಗೆ ಅದರ ಲಾಭ ಹೇಳಿಕೊಡಬೇಕಾಗಿಲ್ಲ. ತೆರಿಗೆಯ ಜಾಲಕ್ಕೇ ಬಾರದ ಸ್ವತ್ತುಗಳೂ ಬಹಳ. 2025ರ ಫೆಬ್ರುವರಿಯಲ್ಲಿ ಆರಂಭವಾದ ಬಿ-ಖಾತಾ (ಅನಧಿಕೃತ ಸ್ವತ್ತುಗಳಿಗೆ ಕೊಡುವ ಪ್ರತ್ಯೇಕ ದಾಖಲೆ) ಅಭಿಯಾನದ ಉದ್ದೇಶಗಳಲ್ಲಿ ಅನಧಿಕೃತ ಬಡಾವಣೆಗಳ ಸ್ವತ್ತುಗಳನ್ನು ಲೆಕ್ಕಕ್ಕೆ ತರುವುದೂ ಒಂದಾಗಿತ್ತು. ಮಳಿಗೆಗಳ ಬಾಡಿಗೆ ಬಾಕಿ ಇನ್ನೊಂದು ಹಳೆಯ ರೋಗ. ಹಳೆಯ ದರದಲ್ಲಿ ಮಳಿಗೆ ಹಿಡಿದು ಬೇರೆಯವರಿಗೆ ಒಳಬಾಡಿಗೆಗೆ ಕೊಡುವವರನ್ನು ಎಬ್ಬಿಸಲು ಹೊರಟ ಅಧ್ಯಕ್ಷರಿಗೆ ಆ ವಾರ ಬರುವ ಶಿಫಾರಸು ಕರೆಗಳಿಗೆ ಲೆಕ್ಕವಿರುವುದಿಲ್ಲ. ಅಂಥ ಸಮಯದಲ್ಲಿ ಅವರ ಬೆನ್ನಿಗೆ ನಿಲ್ಲುವವರು ಯಾರೂ ಕಾಣುವುದಿಲ್ಲ, ಇದು ನನಗೆ ನೋವಿನ ಸಂಗತಿ.

ಇನ್ನೊಂದು ಮಾತನ್ನು ಇಲ್ಲಿಯೇ ಹೇಳಬೇಕು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡಗಳ ಕಲ್ಯಾಣಕ್ಕೆ ಶೇ 24.10, ಇತರ ಬಡವರಿಗೆ ಶೇ 7.25, ಅಂಗವಿಕಲರಿಗೆ ಶೇ 5 ಎಂದು ನಗರಸಭೆ ತೆಗೆದಿರಿಸಬೇಕಾದ ಪಾಲುಗಳಿವೆ. ಇವುಗಳಿಂದಲೇ ಉಳಿದ ಕೆಲಸಕ್ಕೆ ಹಣ ಸಾಲದಾಗಿದೆ ಎಂದು ಕೆಲವರು ಗೊಣಗುವುದನ್ನು ನಾನು ಒಪ್ಪುವುದಿಲ್ಲ. ನಿಜವಾಗಿ ಕೇಳಬೇಕಾದದ್ದು, ಮಾರ್ಚ್ ಬಂದರೂ ಆ ಪಾಲು ಏಕೆ ಖರ್ಚಾಗದೆ ಉಳಿಯುತ್ತದೆ ಎಂದು. ತ್ರಿಚಕ್ರ ವಾಹನಕ್ಕೆ, ವಿದ್ಯಾರ್ಥಿಯ ಶುಲ್ಕಕ್ಕೆ, ಮನೆ ದುರಸ್ತಿಗೆ ಅರ್ಜಿ ಹಾಕಿದವರು ಕಾಯುತ್ತಿರುವಾಗ ಹಣ ಖಾತೆಯಲ್ಲೇ ಉಳಿದರೆ ಅದರ ಹೊಣೆಯನ್ನು ಅಧ್ಯಕ್ಷರೂ ಪೌರಾಯುಕ್ತರೂ ಹೊರಬೇಕು.

ಪ್ರಶ್ನೆ: ನಾನು ಇಂಗ್ಲೆಂಡಿನ ಲೀಡ್ಸ್‌ನಲ್ಲಿದ್ದೇನೆ. ಇಲ್ಲಿ ಲಾರ್ಡ್ ಮೇಯರ್ ಬೇರೆ, ಕೌನ್ಸಿಲ್ ಲೀಡರ್ ಬೇರೆ. ನಮ್ಮ ಅಧ್ಯಕ್ಷರು ಇವರಲ್ಲಿ ಯಾರನ್ನು ಹೋಲುತ್ತಾರೆ?
— ಅನಿವಾಸಿ ಕನ್ನಡಿಗರೊಬ್ಬರು

ಉತ್ತರ: ಅರ್ಧ ಇವರನ್ನು, ಅರ್ಧ ಅವರನ್ನು. ಲೀಡ್ಸ್ ಕೌನ್ಸಿಲ್‌ನಲ್ಲಿ 33 ವಾರ್ಡುಗಳಿಂದ ಮೂವರಂತೆ 99 ಸದಸ್ಯರಿದ್ದಾರೆ. ಲಾರ್ಡ್ ಮೇಯರ್ ಒಂದು ವರ್ಷ ಕೌನ್ಸಿಲ್ಲಿನ ಸಭೆಗಳನ್ನು ನಡೆಸುತ್ತಾರೆ, ನಗರದ ಪರವಾಗಿ ಸಮಾರಂಭಗಳಿಗೆ ಹೋಗುತ್ತಾರೆ. ಆಡಳಿತದ ನಿರ್ಧಾರಗಳು 2000ದ ಸ್ಥಳೀಯಾಡಳಿತ ಕಾಯ್ದೆ ತಂದ ಪದ್ಧತಿಯಂತೆ ಲೀಡರ್ ಮತ್ತು ಅವರು ಆರಿಸಿಕೊಂಡ ಸಂಪುಟದ ಕೈಯಲ್ಲಿರುತ್ತವೆ. ಲೀಡರ್ ಸೇರಿ ಹತ್ತಕ್ಕಿಂತ ಹೆಚ್ಚು ಜನ ಸಂಪುಟದಲ್ಲಿ ಇರುವಂತಿಲ್ಲ. ಮುಖ್ಯ ನಿರ್ಧಾರಗಳನ್ನು 28 ದಿನ ಮೊದಲೇ ಸಾರ್ವಜನಿಕರಿಗೆ ಪ್ರಕಟಿಸಬೇಕು, ಸಂಪುಟದಲ್ಲಿಲ್ಲದ ಸದಸ್ಯರ ಪರಿಶೀಲನಾ ಸಮಿತಿ ಅವುಗಳನ್ನು ಪ್ರಶ್ನಿಸಬಹುದು. ಅಂದರೆ ಅಲ್ಲಿನ ಲೀಡರ್‌ನ ವಾರ ಸಂಪುಟದ ಸಹೋದ್ಯೋಗಿಗಳು, ಮುಖ್ಯ ಕಾರ್ಯನಿರ್ವಾಹಕರು, ಬಜೆಟ್ಟಿನ ಕೊರತೆ ಇವುಗಳೊಂದಿಗೆ ಕಳೆಯುತ್ತದೆ. ರಿಬ್ಬನ್ ಕತ್ತರಿಸುವ ಕೆಲಸ ಇನ್ನೊಬ್ಬರದು. ನಮ್ಮ ಅಧ್ಯಕ್ಷರಿಗೆ ರಿಬ್ಬನ್ನೂ ಇದೆ, ಸಭೆಯೂ ಇದೆ, ಜನರ ಸಿಟ್ಟೂ ಇದೆ, ಸಂಪುಟ ಮಾತ್ರ ಇಲ್ಲ. ನಮ್ಮ ದೇಶದಲ್ಲೂ ಸಂಪುಟದಂಥ ವ್ಯವಸ್ಥೆ ಇಲ್ಲದೆ ಇಲ್ಲ: ಕೋಲ್ಕತ್ತ ಪಾಲಿಕೆಯಲ್ಲಿ 1980ರ ಕಾಯ್ದೆಯಂತೆ ಮೇಯರ್-ಇನ್-ಕೌನ್ಸಿಲ್ ಇದ್ದು, ಒಬ್ಬೊಬ್ಬ ಸದಸ್ಯರು ಒಂದೊಂದು ವಿಭಾಗದ ಹೊಣೆ ಹೊರುತ್ತಾರೆ. ನಗರಸಭೆಗಳಿಗೂ ಇಂಥದ್ದೊಂದು ಬೇಕು ಎಂಬುದು ನನ್ನ ಅಭಿಪ್ರಾಯ. ನೀರಿಗೆ ಯಾರು, ಕಸಕ್ಕೆ ಯಾರು ಎಂದು ಆಗ ಜನರಿಗೆ ಸ್ಪಷ್ಟವಾಗಿ ತಿಳಿಯುತ್ತದೆ.

ಕನ್ನಡಿಗರಿಗೆ ಆಸಕ್ತಿಯ ವಿಷಯವೊಂದಿದೆ. ಕಲಬುರಗಿ ಮೂಲದ ಡಾ. ನೀರಜ್ ಪಾಟೀಲ್ ಅವರು 2010–11ರಲ್ಲಿ ಲಂಡನ್ನಿನ ಲ್ಯಾಂಬೆತ್ ಬರೋದ (ನಗರದ ಒಂದು ಆಡಳಿತ ವಿಭಾಗ) ಮೇಯರ್ ಆಗಿದ್ದರು. ಥೇಮ್ಸ್ ದಂಡೆಯಲ್ಲಿ 2015ರ ನವೆಂಬರ್ 14ರಂದು ಅನಾವರಣಗೊಂಡ ಬಸವೇಶ್ವರರ ಪ್ರತಿಮೆಯ ಹಿಂದೆ ಅವರ ಶ್ರಮವಿದೆ. ಲ್ಯಾಂಬೆತ್‌ನಲ್ಲಿಯೂ ಮೇಯರ್ ಸ್ಥಾನ ಗೌರವದ್ದು, ಆಡಳಿತದ ಚುಕ್ಕಾಣಿ ಲೀಡರ್‌ನದು.

ಪ್ರಶ್ನೆ: ನಮ್ಮ ಬಡಾವಣೆಯ ಚರಂಡಿ ವಿಷಯ ಸಭೆಗೆ ಬರುವಂತೆ ಮಾಡಲು ನಾವು ಏನು ಮಾಡಬೇಕು?
— ಬಡಾವಣೆಯ ನಿವಾಸಿಗಳ ಸಂಘದವರು

ಉತ್ತರ: ಸಭೆಯ ದಿನ ಬಾಗಿಲಲ್ಲಿ ನಿಂತು ಮನವಿ ಕೊಡಬೇಡಿ, ಆ ಹೊತ್ತಿಗೆ ಕಾರ್ಯಸೂಚಿ ಸಿದ್ಧವಾಗಿರುತ್ತದೆ. ಸಭೆಗೆ ಎರಡು ಮೂರು ವಾರ ಮೊದಲೇ, ಚರಂಡಿ ಎಲ್ಲಿಂದ ಎಲ್ಲಿಯವರೆಗೆ, ಎಷ್ಟು ಮನೆಗಳಿಗೆ ತೊಂದರೆ, ಮಳೆಗಾಲದಲ್ಲಿ ನೀರು ಎಲ್ಲಿ ನಿಲ್ಲುತ್ತದೆ ಎಂಬುದನ್ನು ಒಂದೇ ಪುಟದಲ್ಲಿ ಬರೆದು, ವಾರ್ಡಿನ ಸದಸ್ಯರ ಸಹಿಯೊಂದಿಗೆ ಅಧ್ಯಕ್ಷರಿಗೂ ಪೌರಾಯುಕ್ತರಿಗೂ ಕೊಟ್ಟು ಸ್ವೀಕೃತಿ ಪಡೆಯಿರಿ. ಖಾತಾ ಬದಲಾವಣೆ, ಜನನ ಪ್ರಮಾಣಪತ್ರದಂಥ ವೈಯಕ್ತಿಕ ಕೆಲಸಗಳನ್ನು ಇದರಲ್ಲಿ ಸೇರಿಸಬೇಡಿ. ಅವಕ್ಕೆ 2011ರ ಸಕಾಲ ಕಾಯ್ದೆಯ ಗಡುವುಗಳಿವೆ. ವಿಷಯ ಸಭೆಗೆ ಬಂದ ದಿನ ಸಂಘದ ಇಬ್ಬರು ಹೋಗಿ ಕುಳಿತು ಕೇಳಿ. ನಂತರ ನಡವಳಿಯ ಪ್ರತಿ ಕೇಳಿ. ಸಿಗದಿದ್ದರೆ ಮಾಹಿತಿ ಹಕ್ಕು ಕಾಯ್ದೆಯಡಿ ಹತ್ತು ರೂಪಾಯಿ ಶುಲ್ಕದೊಂದಿಗೆ ಅರ್ಜಿ ಹಾಕಿದರೆ 30 ದಿನಗಳಲ್ಲಿ ಉತ್ತರ ಕೊಡಬೇಕು. ನಿರ್ಣಯವಾಗಿದ್ದರೂ ಕೆಲಸ ಆರಂಭವಾಗದಿದ್ದರೆ, ಮುಂದಿನ ಸಭೆಯಲ್ಲಿ ಹಿಂದಿನ ನಡವಳಿಯನ್ನು ದೃಢೀಕರಿಸುವ ಹೊತ್ತಿಗೆ ‘ಈ ನಿರ್ಣಯ ಏನಾಯಿತು’ ಎಂದು ಕೇಳುವಂತೆ ನಿಮ್ಮ ಸದಸ್ಯರಿಗೆ ಹೇಳಿ. ಸದಸ್ಯರಲ್ಲಿ ಮೂರನೇ ಒಂದರಷ್ಟು ಜನ ಲಿಖಿತವಾಗಿ ಕೇಳಿದರೆ ವಿಶೇಷ ಸಭೆಯನ್ನೇ ಕರೆಯಬೇಕಾಗುತ್ತದೆ. ಮಳೆಗಾಲ ಹತ್ತಿರವಿದ್ದು ಹಲವು ವಾರ್ಡುಗಳಿಗೆ ಇದೇ ತೊಂದರೆಯಿದ್ದರೆ ಅಕ್ಕಪಕ್ಕದ ಬಡಾವಣೆಗಳವರೊಂದಿಗೆ ಈಗಲೇ ಮಾತನಾಡಿ.